ಎಂಟನೇ ತರಗತಿ ಮಗಳ ಹೋಮ್‌ವರ್ಕಿಗೆ ಕನ್ನಡದಲ್ಲಿ ನಂಬುವಂಥದ್ದು ಎಲ್ಲಿ ಸಿಗುತ್ತದೆ?

ಶಿರಸಿ ಸೀಮೆಯ ಅಮ್ಮ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಶಿರಸಿ ಪೇಟೆಯಿಂದ ಬಹಳ ಒಳಗೆ. ನೆಟ್‌ವರ್ಕ್ ಸಿಗುವುದು ದಣಪೆ (ಬೇಲಿಯ ಬಾಗಿಲು) ಹತ್ತಿರ ನಿಂತರೆ ಮಾತ್ರ. ಮಗಳು ಎಂಟನೇ ತರಗತಿ, ಕನ್ನಡ ಮಾಧ್ಯಮ. ಹೋದ ವಾರ ಅಕ್ಕೋರು ಅಘನಾಶಿನಿ ನದಿ ಬಗ್ಗೆ ಪ್ರಾಜೆಕ್ಟ್ ಮಾಡಿಕೊಂಡು ಬರಲು ಹೇಳಿದ್ದರು. ಸಂಜೆ ಚಳಿಯಲ್ಲೇ ದಣಪೆ ಹತ್ತಿರ ನಿಂತು ಒಂದು ಎಐ ಆ್ಯಪಿನಲ್ಲಿ ಕೇಳಿ, ಎರಡು ಪುಟ ಬರೆದುಕೊಂಡು ಬಂದಳು. ಕನ್ನಡ ಚೆನ್ನಾಗಿಯೇ ಇತ್ತು. ಆದರೆ ಮೂರನೇ ಸಾಲಿನಲ್ಲೇ ‘ಅಘನಾಶಿನಿಗೆ ಸೂಪಾದಲ್ಲಿ ಅಣೆಕಟ್ಟು ಕಟ್ಟಲಾಗಿದೆ’ ಎಂದಿತ್ತು. ಜಗುಲಿಯಲ್ಲಿ ಮೆಟ್ಟುಗತ್ತಿ ಮೇಲೆ ಕೂತು ಅಡಿಕೆ ಸುಲಿಯುತ್ತಿದ್ದ ಮಾವನವರು ಕೈ ನಿಲ್ಲಿಸಿ, ‘ಸೂಪಾ ಇಪ್ಪದು ಕಾಳಿಗೆ. ಅಘನಾಶಿನಿಗೆ ಡ್ಯಾಮ್ ಎಲ್ಲಿದ್ದು ಕೂಸೇ?’ ಎಂದರು. ಅಷ್ಟು ಹೊತ್ತಿಗೆ ಡ್ರಾಯಿಂಗ್ ಶೀಟಿನಲ್ಲಿ ನೀಲಿ ಸ್ಕೆಚ್ ಪೆನ್ನಿನಿಂದ ಅಣೆಕಟ್ಟಿನ ಚಿತ್ರವೂ ಬರೆದಾಗಿತ್ತು. ಪಾಪ, ಅತ್ತೇ ಬಿಟ್ಟಳು.

ನಮ್ಮೂರ ಹೊಳೆ, ಮನೆಯಲ್ಲಿ ಹಿರಿಯರಿದ್ದರು, ತಪ್ಪು ಸಿಕ್ಕಿತು. ಬ್ರಹ್ಮಪುತ್ರೆಯ ಬಗ್ಗೆ ಬರೆಯಲು ಕೊಟ್ಟಿದ್ದರೆ ಯಾರು ಹಿಡಿಯುತ್ತಿದ್ದರು? ಪ್ರಶ್ನೋತ್ತರದ ಜಾಲತಾಣಗಳನ್ನೂ ನೋಡಿದೆ. ಜಾಹೀರಾತು ಮುಚ್ಚುವುದರಲ್ಲೇ ಡೇಟಾ ಮುಗಿಯುತ್ತದೆ. ಒಂದರಲ್ಲಂತೂ ‘ವಿದ್ಯುತ್ ಪ್ರವಾಹ’ ಎಂದಿರಬೇಕಾದಲ್ಲಿ ‘ವಿದ್ಯುತ್ ಪ್ರಸ್ತುತ’ ಎಂದು ಬರೆದಿದ್ದಾರೆ. ಅದನ್ನೇ ಬಾಯಿಪಾಠ ಮಾಡಿಕೊಂಡ ಮಕ್ಕಳ ಗತಿ ಏನು? ಕನ್ನಡ ಮಾಧ್ಯಮದ ಮಕ್ಕಳಿಗೆ ಕಣ್ಣುಮುಚ್ಚಿ ಅಲ್ಲದಿದ್ದರೂ ಧೈರ್ಯವಾಗಿ ಕೊಡಬಹುದಾದ್ದು ಏನಿದೆ, ತಿಳಿದವರು ಹೇಳಿ.

ಕುಮಟಾ ಕಡೆಯ ಹೈಸ್ಕೂಲ್ ಮಾಸ್ತರ:

ಅಕ್ಕಾ, ನಿಮ್ಮ ಮಾವನವರು ಹೇಳಿದ್ದು ಸರಿ. ಸೂಪಾ, ಕೊಡಸಳ್ಳಿ, ಕದ್ರಾ ಮೂರೂ ಕಾಳಿ ನದಿಯ ಅಣೆಕಟ್ಟುಗಳು. ಲಿಂಗನಮಕ್ಕಿ, ಗೇರುಸೊಪ್ಪ ಶರಾವತಿಯವು. ಅಘನಾಶಿನಿಗೆ ದೊಡ್ಡ ಅಣೆಕಟ್ಟೇ ಇಲ್ಲ, ಆ ನದಿಯ ವಿಶೇಷವೇ ಅದು. ಪ್ರಾಜೆಕ್ಟಿನ ಮೊದಲ ಸಾಲು ಆಗಬೇಕಾದ್ದನ್ನೇ ಆ ಆ್ಯಪ್ ತಿರುಗಿಸಿ ಹೇಳಿದೆ.

ಮೊದಲು ಪಠ್ಯಪುಸ್ತಕ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಒಂದರಿಂದ ಹತ್ತನೇ ತರಗತಿವರೆಗಿನ ಪುಸ್ತಕಗಳು ಪಿಡಿಎಫ್ ಆಗಿ ಉಚಿತವಾಗಿ ಸಿಗುತ್ತವೆ. ಎಂಟನೆಯದರ ಜೊತೆಗೆ ಏಳು, ಒಂಬತ್ತನ್ನೂ ಇಳಿಸಿಕೊಳ್ಳಿ. ಕೆಳಗಿನ ತರಗತಿಯ ಪುಸ್ತಕದಲ್ಲಿ ಎಷ್ಟೋ ವಿಷಯ ಸರಳವಾಗಿ ಇರುತ್ತದೆ, ಮಕ್ಕಳು ಅದನ್ನು ತಿರುಗಿ ನೋಡುವುದೇ ಇಲ್ಲ.

ಆಮೇಲೆ ದೀಕ್ಷಾ. ಇದು ಶಾಲೆ ಪಾಠಗಳಿಗಾಗಿ ಕೇಂದ್ರ ಸರ್ಕಾರದ ಆ್ಯಪ್, 2017ರಲ್ಲಿ ಶುರುವಾದದ್ದು. ಪಾಠದ ಪಕ್ಕದಲ್ಲಿರುವ ಕ್ಯೂಆರ್ ಕೋಡನ್ನು ಆ್ಯಪಿನಲ್ಲಿ ಸ್ಕ್ಯಾನ್ ಮಾಡಿದರೆ ಆ ಪಾಠದ್ದೇ ವಿಡಿಯೊ, ಅಭ್ಯಾಸ ಬರುತ್ತವೆ. ನಮ್ಮ ಕಡೆ ಮಳೆಗಾಲದಲ್ಲಿ ಪುಸ್ತಕ ತಂಪು ಹಿಡಿದು ಕ್ಯೂಆರ್ ಮಸುಕಾಗುತ್ತದೆ. ಆಗ ಅದರ ಕೆಳಗಿರುವ ಆರು ಅಕ್ಷರದ ಕೋಡನ್ನು ಟೈಪ್ ಮಾಡಿದರೂ ನಡೆಯುತ್ತದೆ. ಪೇಟೆಗೆ ಬಂದ ದಿನ ಇಳಿಸಿಟ್ಟುಕೊಂಡರೆ ಮನೆಯಲ್ಲಿ ನೆಟ್ ಇಲ್ಲದೆಯೂ ನೋಡಬಹುದು. ಎಲ್ಲ ವಿಡಿಯೊ ಒಂದೇ ಮಟ್ಟದ್ದಲ್ಲ, ಕೆಲವು ಬರೀ ಪಾಠ ಓದಿದ ಹಾಗಿವೆ. ಆದರೂ ಪಾಠ ಬಿಟ್ಟು ಆಚೆ ಹೋಗುವುದಿಲ್ಲ.

ಅಘನಾಶಿನಿ ಅಳಿವೆ ರಾಮ್ಸರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ, ಎಂದು 2024ರ ಜನವರಿಯಲ್ಲಿ ಘೋಷಣೆಯಾಯಿತು. ಅದನ್ನು ಖಂಡಿತ ಬರೆಸಿ. ಅಳಿವೆಯ ಉಪ್ಪುನೀರು ನುಗ್ಗುವ ನಮ್ಮ ಗಜನಿ ಗದ್ದೆ, ಉಪ್ಪುನೀರು ತಡೆಯುವ ಕಗ್ಗ ಭತ್ತ, ಸಾಣಿಕಟ್ಟೆಯ ಉಪ್ಪಿನ ಆಗರ, ಬಳಚು (ಚಿಪ್ಪುಮೀನು) ಹೆಕ್ಕುವವರು, ಇವೆಲ್ಲ ಬಂದರೆ ನಾನಾಗಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದೆ.

ಕಾರವಾರದಲ್ಲಿ ಗ್ರಂಥಾಲಯದ ಕೆಲಸದವಳು:

ಮಾಸ್ತರು ಹೇಳಿದ್ದಕ್ಕೆ ಒಂದೆರಡು ಸೇರಿಸುತ್ತೇನೆ. ಮಕ್ಕಳು ನನ್ನ ಹತ್ತಿರ ಬಂದು ‘ವಿಕಿಪೀಡಿಯ ನೋಡಬೇಡಿ ಅಂದಿದ್ದಾರೆ’ ಎನ್ನುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ನೋಡಲಿ, ಆದರೆ ಪುಟದ ಕೊನೆಯಲ್ಲಿರುವ ಉಲ್ಲೇಖಗಳವರೆಗೆ ಹೋಗಲಿ. ಉಲ್ಲೇಖವೇ ಇಲ್ಲದ ಸಾಲನ್ನು ನೋಟ್‌ಬುಕ್ಕಿಗೆ ಇಳಿಸಬಾರದು, ಅಷ್ಟೇ. ರಾಜ್ಯ ಸರ್ಕಾರದ ‘ಕಣಜ’ ಎಂಬ ಮಾಹಿತಿಯ ಜಾಲತಾಣ ಪೂರ್ತಿ ಕನ್ನಡದ್ದೇ, ಅಲ್ಲಿಂದಲೂ ಶುರು ಮಾಡಬಹುದು.

ಇಂಗ್ಲಿಷ್ ಪುಟ ಓದಲೇಬೇಕಾಗಿ ಬಂದಾಗ ಪದಕ್ಕೆ ‘ಅಲರ್’ ಇದೆ. ವಿ. ಕೃಷ್ಣ ಅವರು ಹತ್ತಾರು ವರ್ಷ ಒಬ್ಬರೇ ಕೂತು ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು, ಒಂದೂವರೆ ಲಕ್ಷ ಪದಗಳದ್ದು, ಉಚಿತ. ‘ಪ್ರವಾಹ’ ಎಂದು ಹುಡುಕಿ ಇಂಗ್ಲಿಷ್ ಅರ್ಥ ಸರಿಹೊಂದುತ್ತದೆಯೇ ಎಂದು ಮಗಳೇ ನೋಡಿಕೊಳ್ಳಬಹುದು. ನಿಮ್ಮ ‘ವಿದ್ಯುತ್ ಪ್ರಸ್ತುತ’ ಯಂತ್ರದ ಅನುವಾದ, ಇಂಗ್ಲಿಷಿನ ‘ಕರೆಂಟ್’ ಪದಕ್ಕೆ ‘ಈಗಿನ’ ಎಂಬ ಅರ್ಥ ಹಿಡಿದದ್ದು. ಅಂಥ ಒಂದು ಪದ ಕಂಡರೆ ಇಡೀ ಪುಟವನ್ನೇ ಬಿಟ್ಟುಬಿಡಿ.

ಅಂಕೋಲೆಯ ಬಿ.ಎಡ್. ವಿದ್ಯಾರ್ಥಿ:

ಅಕ್ಕಾ, ನದಿ ವಿಷಯವಾದರೆ ಫೋನಿನ ನಕ್ಷೆಯ ಉಪಗ್ರಹ ಚಿತ್ರ ತೆಗೆಯಲಿ. ಅಳಿವೆಯಿಂದ ಬೆರಳಿಟ್ಟು ಮೇಲಕ್ಕೆ ಹೋಗುತ್ತಾ ಹೋದರೆ ಎಲ್ಲಿ ನೀರು ನಿಂತಿದೆ, ಎಲ್ಲಿ ಗೋಡೆ ಇದೆ ಎಂಬುದು ಕಾಣುತ್ತದೆ. ಸೂಪಾ ಎಂದು ಹುಡುಕಿದರೆ ಜೊಯಿಡಾ ಕಡೆ ಗಣೇಶಗುಡಿಗೆ ಒಯ್ಯುತ್ತದೆ. ಎರಡು ನಿಮಿಷದ ಕೆಲಸ.

ಶಿರಸಿ ಸೀಮೆಯ ಅಮ್ಮ:

ಎಲ್ಲರಿಗೂ ತುಂಬಾ ಉಪಕಾರವಾಯಿತು. ನಿನ್ನೆ ಪೇಟೆಗೆ ಹೋದವಳು ತಮ್ಮನ ಮನೆಯ ವೈಫೈನಲ್ಲಿ ಮೂರೂ ತರಗತಿಯ ಪುಸ್ತಕ ಇಳಿಸಿಕೊಂಡು ಬಂದೆ. ಕ್ಯೂಆರ್ ಕೆಳಗೆ ಕೋಡ್ ಇದೆ ಎಂಬುದು ನಮಗೆ ಗೊತ್ತೇ ಇರಲಿಲ್ಲ. ಮಗಳು ಬೈಂಡು ಹಾಕುವ ಖಾಕಿ ಕಾಗದ ಕತ್ತರಿಸಿ ಅಣೆಕಟ್ಟಿನ ಮೇಲೆ ಅಂಟಿಸಿ, ಅದರ ಮೇಲೆ ಗಜನಿ ಗದ್ದೆ ಬರೆದಿದ್ದಾಳೆ. ರಾತ್ರಿ ಮಾವನವರ ಪಕ್ಕ ಕೂತು ಮಂಜುಗುಣಿ ಕಡೆಯಿಂದ ಹಳ್ಳ ಹೇಗೆ ಬಂದು ಸೇರುತ್ತದೆ ಎಂದು ಕೇಳಿ ಕೇಳಿ ಬರೆದುಕೊಂಡಳು. ಮಾಸ್ತರೇ, ಕಗ್ಗದ ಒಂದು ತೆನೆ ಸಿಕ್ಕರೆ ಅಂಟಿಸುತ್ತೇನೆ ಅನ್ನುತ್ತಿದ್ದಾಳೆ. ಕುಮಟಾ ಕಡೆ ಈಗ ಎಲ್ಲಾದರೂ ಸಿಗಬಹುದಾ?