ಬಂದಿ ಛೋಡ್, ಹೋಲಾ, ಮಾಘಿ: ನಮ್ಮ ಹಬ್ಬಗಳಿಗೇ ಬೇರೆ ಹೆಸರೋ, ಬೇರೆ ಹಬ್ಬಗಳೋ?

ತುಂಗಾತೀರ (ಪ್ರಶ್ನೆ)

ದೀಪಾವಳಿ ದಿನವೇ ಸಿಖ್ಖರಿಗೆ ಬಂದಿ ಛೋಡ್ ದಿವಸ್, ಹೋಳಿ ಮರುದಿನ ಹೋಲಾ ಮೊಹಲ್ಲಾ, ಸಂಕ್ರಾಂತಿಗೆ ಮಾಘಿ. ಇವು ನಮ್ಮ ಹಬ್ಬಗಳಿಗೇ ಇಟ್ಟ ಬೇರೆ ಹೆಸರುಗಳೇ? ಗುರುದ್ವಾರದಲ್ಲಿ ಲಕ್ಷ್ಮೀಪೂಜೆ ಇರುತ್ತದೆಯೇ? ಗುರು ಗೋಬಿಂದ್ ಸಿಂಗ್ ಜಯಂತಿ ಕೆಲವು ವರ್ಷ ಕ್ಯಾಲೆಂಡರಿನಲ್ಲಿ ಎರಡು ಸಲ ಬರುತ್ತದಲ್ಲ, ಅದು ಯಾಕೆ? ಗುರುದ್ವಾರದಲ್ಲಿ ಹಂಚುವ ಕಡಾಹ್ ಪ್ರಸಾದದ ಸರಿಯಾದ ಅಳತೆಯೂ ಬೇಕು. ಗೊತ್ತಿದ್ದವರು ವಿವರವಾಗಿ ತಿಳಿಸಿ.

ಇತಿಹಾಸಪ್ರಿಯ

ದಿನ ಒಂದೇ, ಕಾರಣ ಬೇರೆ. ಆ ದಿನಗಳನ್ನು ಗುರುಗಳು ತಿಳಿದೇ ಆರಿಸಿದ್ದು. ಮೂರನೆಯ ಗುರು ಅಮರದಾಸರು (ಗುರುಪೀಠದಲ್ಲಿದ್ದದ್ದು 1552ರಿಂದ 1574) ವೈಸಾಖಿಗೆ (ಪಂಜಾಬಿನ ಸುಗ್ಗಿ ಹಬ್ಬ), ದೀಪಾವಳಿಗೆ ಗೋಯಿಂದ್‌ವಾಲ್‌ಗೆ ಬನ್ನಿ ಎಂದು ಶಿಷ್ಯರನ್ನು ಕರೆದರು. ಕೆಲಸ ಬಿಟ್ಟು ಜನ ಹೇಗೂ ಊರಿಂದ ಊರಿಗೆ ಹೋಗುವ ಕಾಲವದು. ಹೋಗುವ ಜಾಗ ಬದಲಾಯಿತು, ಅಲ್ಲಿ ಮಾಡುವ ಕೆಲಸ ಬದಲಾಯಿತು.

ಬಂದಿ ಛೋಡ್ ಕಥೆ ಇದಕ್ಕೆ ಆಮೇಲೆ ಸೇರಿದ್ದು. ಆರನೆಯ ಗುರು ಹರಗೋಬಿಂದರನ್ನು ಜಹಾಂಗೀರ್ ಗ್ವಾಲಿಯರ್ ಕೋಟೆಯಲ್ಲಿ ಸೆರೆಯಿಟ್ಟಿದ್ದ. ಬಿಡುಗಡೆಯ ಹೊತ್ತಿಗೆ, ಅಲ್ಲಿದ್ದ 52 ರಾಜರನ್ನೂ ಬಿಡದೆ ತಾನು ಹೊರಡುವುದಿಲ್ಲ ಎಂದರಂತೆ ಗುರುಗಳು. ನಿನ್ನ ಬಟ್ಟೆ ಹಿಡಿದು ಎಷ್ಟು ಜನ ಬರುತ್ತಾರೋ ಅಷ್ಟು ಜನ ಹೋಗಲಿ ಎಂಬ ಮಾತು ಬಂದಾಗ 52 ಕುಚ್ಚುಗಳ ನಿಲುವಂಗಿ ಹೊಲಿಸಿದರು ಎನ್ನುತ್ತದೆ ಸಂಪ್ರದಾಯ. ಅವರು ಅಮೃತಸರಕ್ಕೆ ಮರಳಿದ್ದರ ನೆನಪಿಗೆ ಹರಿಮಂದಿರದಲ್ಲಿ (ಸ್ವರ್ಣಮಂದಿರ) ದೀಪ. ಹಾಗಾಗಿ ಗುರುದ್ವಾರದಲ್ಲಿ ಲಕ್ಷ್ಮೀಪೂಜೆ ಇಲ್ಲ; ಕೀರ್ತನೆ, ಅರ್ದಾಸ್ (ಸಾಮೂಹಿಕ ಪ್ರಾರ್ಥನೆ), ದೀಪದ ಸಾಲು, ಲಂಗರ್ (ಎಲ್ಲರಿಗೂ ಊಟ). ಮನೆಗಳಲ್ಲಿ ಗೆರೆ ಇಷ್ಟು ಗಟ್ಟಿಯಾಗಿಲ್ಲ. ಪಂಜಾಬಿ ಹಿಂದೂ, ಸಿಖ್ ಕುಟುಂಬಗಳ ನಡುವೆ ಕೊಟ್ಟು ತರುವುದು ಹಳೆಯ ರೂಢಿ.

ಇದರ ಇನ್ನೊಂದು ಮುಖ ಇಲ್ಲಿ ಅಷ್ಟಾಗಿ ಗೊತ್ತಿಲ್ಲ. 18ನೇ ಶತಮಾನದಲ್ಲಿ ಚದುರಿಹೋಗಿದ್ದ ಸಿಖ್ ಪಡೆಗಳು ಒಂದೆಡೆ ಸೇರಿ ತೀರ್ಮಾನ ಮಾಡುತ್ತಿದ್ದದ್ದು, ಅಂದರೆ ಸರ್ಬತ್ ಖಾಲ್ಸಾ, ವೈಸಾಖಿ, ದೀಪಾವಳಿ ಇವೇ ಎರಡು ಹಬ್ಬಗಳಂದು. 1730ರ ದಶಕದಲ್ಲಿ ಭಾಯಿ ಮಣಿ ಸಿಂಗರು ತೆರಿಗೆ ಕಟ್ಟುತ್ತೇವೆಂದು ಒಪ್ಪಿ ಅಮೃತಸರದ ದೀಪಾವಳಿ ಜಾತ್ರೆಗೆ ಲಾಹೋರಿನ ಸುಬೇದಾರ ಜಕರಿಯಾ ಖಾನನ ಅನುಮತಿ ಪಡೆದರು. ಸೇರಿದವರ ಮೇಲೆ ದಾಳಿಯ ಸಂಚಿದೆ ಎಂದು ತಿಳಿದು, ಬರಬೇಡಿ ಎಂದು ಹೇಳಿಕಳಿಸಿದರು. ಜನ ಬರಲಿಲ್ಲ, ಹಣವೂ ಕೂಡಲಿಲ್ಲ. ಅವರ ದೇಹವನ್ನು ಗಿಣ್ಣುಗಿಣ್ಣಾಗಿ ಕತ್ತರಿಸಿ ಕೊಂದರು. ದೀಪಾವಳಿಗೆ ಸಿಖ್ಖರಲ್ಲಿ ಈ ಭಾರವೂ ಇದೆ.

ಹೋಲಾ ಇನ್ನೂ ಸ್ಪಷ್ಟ. ಹೋಳಿಯ ಮರುದಿನ ಆನಂದಪುರ ಸಾಹಿಬ್‌ನಲ್ಲಿ ಗುರು ಗೋಬಿಂದ್ ಸಿಂಗರು ಅಣಕು ಯುದ್ಧ ಶುರುಮಾಡಿಸಿದರು. ಇಂದಿಗೂ ನಿಹಂಗರ (ಸಿಖ್ ಯೋಧ ಪಂಥದವರು) ಕುದುರೆ ಸವಾರಿ, ಗತ್ಕಾ ಎಂಬ ಕೋಲು-ಕತ್ತಿ ವರಸೆ. ಗುಲಾಲ್ ಉಂಟು, ಕಾಮದಹನ ಇಲ್ಲ.

ಪಂಚಾಂಗದ ಪುಟ

ದಿನಾಂಕದ ವಿಷಯ. ಪಂಜಾಬಿನಲ್ಲಿ ಚಾಂದ್ರಮಾಸ ಹುಣ್ಣಿಮೆಗೆ ಮುಗಿಯುತ್ತದೆ, ನಮ್ಮಲ್ಲಿ ಅಮಾವಾಸ್ಯೆಗೆ. ಹಾಗಾಗಿ ಹೋಳಿ ಮರುದಿನ ಅವರಿಗೆ ಆಗಲೇ ಚೇತ್ (ಚೈತ್ರ). ನಮಗೆ ಇನ್ನೂ ಫಾಲ್ಗುಣ ಬಹುಳ ಪಾಡ್ಯ, ಯುಗಾದಿಗೆ ಹದಿನೈದು ದಿನ ಬಾಕಿ. ಅವರ ಪಟ್ಟಿಯಲ್ಲಿ ‘ವದಿ’ (ಬಹುಳ) ಅಂತ ಇದ್ದರೆ ತಿಂಗಳ ಹೆಸರು ನಮ್ಮದಕ್ಕಿಂತ ಒಂದು ಮುಂದೆ ಇರುತ್ತದೆ, ‘ಸುದಿ’ (ಶುದ್ಧ) ಇದ್ದರೆ ಎರಡೂ ಒಂದೇ. ತಪ್ಪಾಗುವುದು ಇಲ್ಲೇ.

ವೈಸಾಖಿ, ಮಾಘಿ ಸೌರಮಾನದವು. ವೈಸಾಖಿ ಎಂದರೆ ಮೇಷ ಸಂಕ್ರಮಣ, ತುಳುನಾಡಿನ ಬಿಸು ಬರುವ ಹೊತ್ತು.

ಗುರು ಗೋಬಿಂದ್ ಸಿಂಗ್ ಜಯಂತಿ ಪುಷ್ಯ ಶುದ್ಧ ಸಪ್ತಮಿಗೆ. ಚಾಂದ್ರ ವರ್ಷ 354 ದಿನ. 2017ರಲ್ಲಿ ಜನವರಿ 5ಕ್ಕೆ ಬಂದದ್ದು ಮತ್ತೆ ಡಿಸೆಂಬರ್ 25ಕ್ಕೆ ಬಂತು. 2018ರಲ್ಲಿ ಅಧಿಕ ಜ್ಯೇಷ್ಠ ಬಿದ್ದು ಮುಂದಿನದು 2019ರ ಜನವರಿ 13ಕ್ಕೆ ಹೋಯಿತು, 2018ಕ್ಕೆ ಒಂದೂ ಇಲ್ಲ. ಈ ಗೊಂದಲ ಬೇಡವೆಂದೇ 2003ರ ನಾನಕ್‌ಶಾಹಿ ಕ್ಯಾಲೆಂಡರ್ ಅದನ್ನು ಜನವರಿ 5ಕ್ಕೆ ನಿಲ್ಲಿಸಿತ್ತು. ನಾನಕ್ ಜಯಂತಿ, ಬಂದಿ ಛೋಡ್, ಹೋಲಾ ಮಾತ್ರ ತಿಥಿಗೇ ಉಳಿದವು. 2010ರಲ್ಲಿ ಆ ಕ್ಯಾಲೆಂಡರನ್ನು ತಿದ್ದಿದ ಮೇಲೆ ಎರಡೂ ಕ್ರಮಗಳ ಹಿಂಬಾಲಕರಿದ್ದಾರೆ. ಹೋಗುವ ಗುರುದ್ವಾರಕ್ಕೇ ಫೋನ್ ಮಾಡಿ ಕೇಳುವುದು ಕ್ಷೇಮ.

ಬೀದರ್ ಕೋಟೆ

ಪ್ರಸಾದದ ಅಳತೆ ಹೇಳ್ತೀನ್ರಿ. ಗೋಧಿ ಹಿಟ್ಟು, ತುಪ್ಪ, ಸಕ್ಕರೆ ಮೂರೂ ಸಮತೂಕ. ಲೋಟದಲ್ಲಿ ಅಳೆಯಬೇಡಿ, ಒಂದು ಲೋಟ ಸಕ್ಕರೆ ಒಂದು ಲೋಟ ಹಿಟ್ಟಿಗಿಂತ ಬಹಳ ತೂಕ, ಬಾಯಿ ಕಟ್ಟುವಷ್ಟು ಸಿಹಿಯಾಗುತ್ತದೆ. ತಲಾ 250 ಗ್ರಾಂಗೆ ಮುಕ್ಕಾಲು ಲೀಟರ್ ನೀರು. ಹಿಟ್ಟು ತುಸು ತರಿಯಾಗಿರಲಿ. ದಪ್ಪ ತಳದ ಬಾಣಲೆಯಲ್ಲಿ ತುಪ್ಪ ಕಾಯಿಸಿ, ಹಿಟ್ಟು ಹಾಕಿ, ಸಣ್ಣ ಉರಿಯಲ್ಲಿ 15–20 ನಿಮಿಷ ಕೈ ಬಿಡದೆ ಹುರಿಯಿರಿ. ಮೊದಲು ಗಟ್ಟಿಯಾಗಿದ್ದದ್ದು ಸಡಿಲಾಗಿ, ಅಂಚಿನಲ್ಲಿ ತುಪ್ಪ ಬಿಟ್ಟು, ಬಾದಾಮಿ ಸಿಪ್ಪೆಯ ಬಣ್ಣಕ್ಕೆ ಬರಬೇಕು. ಪಕ್ಕದ ಒಲೆಯಲ್ಲಿ ಸಕ್ಕರೆ ನೀರು ಕುದಿಸಿ, ಕರಗಿದರೆ ಸಾಕು; ಎಳೆಪಾಕ ಬಂದರೆ ಪ್ರಸಾದ ಆರಿದ ಮೇಲೆ ಗಟ್ಟಿ. ಕುದಿಯುವ ನೀರನ್ನೇ ಸ್ವಲ್ಪ ಸ್ವಲ್ಪ ಸುರಿಯಿರಿ, ಜೋರಾಗಿ ಸಿಡಿಯುತ್ತದೆ, ಉದ್ದ ಹಿಡಿಯ ಸೌಟು ಬೇಕು. ತಣ್ಣೀರು ಹಾಕಿದರೆ ಗಂಟು. ತಳ ಬಿಟ್ಟು ಒಂದೇ ಮುದ್ದೆಯಾಗಿ ತಿರುಗಿದರೆ ಮುಗೀತು. ಏಲಕ್ಕಿ, ಗೋಡಂಬಿ, ಬಣ್ಣ ಏನೂ ಬೇಡ. ಮಾಡುವಾಗ ಬಾಣಿ (ಗುರುಗಳ ಪದ್ಯ) ಹೇಳುತ್ತಾರೆ, ಅರ್ದಾಸ್ ಆದ ಮೇಲೆ ಕಿರ್ಪಾಣ್ (ಸಿಖ್ಖರ ಕತ್ತಿ) ಮುಟ್ಟಿಸುತ್ತಾರೆ.

ಹಂಚುವ ಮೊದಲು ಪಂಚ್ ಪ್ಯಾರೇ (ಐವರು ಪ್ರಿಯರು) ಹೆಸರಲ್ಲಿ ಐದು ಪಾಲು ತೆಗೆಯುತ್ತಾರೆ. 1699ರ ವೈಸಾಖಿಯಂದು ಗುರು ಗೋಬಿಂದ್ ಸಿಂಗರ ಕರೆಗೆ ತಲೆ ಕೊಡಲು ಎದ್ದು ನಿಂತ ಆ ಐವರಲ್ಲಿ ಭಾಯಿ ಸಾಹಿಬ್ ಸಿಂಗ್ ನಮ್ಮ ಬೀದರಿನವರು, ಕ್ಷೌರಿಕ ವೃತ್ತಿಯವರು. ಮಾಘಿ ನೆನೆಯುವುದು 1705ರ ಖಿದ್ರಾಣಾ (ಇಂದಿನ ಮುಕ್ತಸರ) ಯುದ್ಧದಲ್ಲಿ ಮಡಿದ ನಲವತ್ತು ಜನರನ್ನು. ಗುರುವನ್ನು ಬಿಟ್ಟುಹೋಗಿದ್ದ ಅವರನ್ನು ಮರಳಿ ಕರೆತಂದ ಮಾಯಿ ಭಾಗೋ ಕೊನೆಗಾಲ ಕಳೆದದ್ದು ಬೀದರ್ ಹತ್ತಿರದ ಜನವಾಡದಲ್ಲಿ, ಅಲ್ಲಿ ಗುರುದ್ವಾರ ಇದೆ. ಬೀದರಿನ ನಾನಕ್ ಝಿರಾ ಗುರುದ್ವಾರಕ್ಕೆ ಬಂದವರು ಅಲ್ಲಿಗೂ ಹೋಗಿಬನ್ನಿ. ತಲೆಗೆ ಬಟ್ಟೆ ಇರಲಿ, ಜೇಬಲ್ಲಿ ತಂಬಾಕು ಬೇಡವೇ ಬೇಡ. ಲಂಗರ್‌ನಲ್ಲಿ ರೊಟ್ಟಿಗೆ ‘ಪರ್ಶಾದಾ’ ಅಂತಾರೆ, ಎರಡೂ ಕೈ ಒಡ್ಡಿ ತಗೋಬೇಕು.

ಇತಿಹಾಸಪ್ರಿಯ

ಒಂದು ಸೇರಿಸಬೇಕಿತ್ತು. ಬೀದರಿನಿಂದ ನಾಂದೇಡಕ್ಕೆ ಹೋದವರು ಅಲ್ಲಿನ ಗುರುದ್ವಾರ ಹಜೂರ್ ಸಾಹಿಬ್‌ನಲ್ಲಿ ದೀಪದ ಆರತಿ, ಗಂಧದ ತಿಲಕ, ದಸರೆಯ ಹಲ್ಲಾ ಮೆರವಣಿಗೆ ನೋಡಿ, ಮೇಲೆ ನಾನು ಹೇಳಿದ್ದು ತಪ್ಪೆಂದುಕೊಳ್ಳಬಹುದು. ಅಮೃತಸರದ ಗುರುದ್ವಾರ ಪ್ರಬಂಧಕ ಸಮಿತಿಯ ರಹಿತ್ ಮರ್ಯಾದಾ (ಸಿಖ್ ಆಚಾರಸಂಹಿತೆ) ದೀಪಧೂಪದ ಆರತಿಯನ್ನು ಒಪ್ಪುವುದಿಲ್ಲ. ಆಕಾಶವೇ ತಟ್ಟೆ, ಸೂರ್ಯಚಂದ್ರರೇ ದೀಪ ಎಂಬ ನಾನಕರ ಶಬದ್ (ಭಕ್ತಿಪದ) ಹಾಡಿದರೆ ಅದೇ ಆರತಿ. ನಾಂದೇಡ ತನ್ನ ಹಳೆಯ ದಖ್ಖನಿ ಪದ್ಧತಿಯನ್ನು ಬಿಟ್ಟಿಲ್ಲ, ಅಲ್ಲಿ ಅದೇ ಶಬದ್‌ಗೆ ದೀಪವನ್ನೂ ಬೆಳಗುತ್ತಾರೆ.