ಮೊದಲ 110 ಕಿಲೋಮೀಟರ್: ಉಡುಪಿಯಿಂದ ಮರವಂತೆಗೆ ಹೋಗಿ ಬರಲು ಏನೇನು ಬೇಕು?

ಅಂಬಲಪಾಡಿಯಿಂದ, ಪ್ರಶ್ನೆ:

ಬಡ ಡಯಾಲಿಸಿಸ್ ರೋಗಿಗಳ ಚಿಕಿತ್ಸೆಗೆ ಹಣ ಕೂಡಿಸಲು ಜನವರಿಯ ಒಂದು ಭಾನುವಾರ ನಡೆಯುವ ಸೈಕಲ್ ಸವಾರಿಗೆ ಹೆಸರು ಕೊಟ್ಟಿದ್ದೇನೆ. ಉಡುಪಿಯಿಂದ ಮರವಂತೆಗೆ ಹೋಗಿ ಬರಬೇಕು, ಒಟ್ಟು ಸುಮಾರು 110 ಕಿಲೋಮೀಟರ್. ನನಗೆ 41 ವರ್ಷ. ಗೇರಿನ ಸೈಕಲ್ ಇದೆ, ಆದರೆ ಮಲ್ಪೆಗೆ ಹೋಗಿ ಬಂದದ್ದೇ ಇದುವರೆಗಿನ ದೊಡ್ಡ ಸವಾರಿ. ಹನ್ನೊಂದು ವಾರ ಉಳಿದಿದೆ. ಮನೆಯವರಿಗೆ ಧೈರ್ಯವಿಲ್ಲ, ನನಗೂ ಪೂರ್ತಿ ಇಲ್ಲ. ಮೊದಲ ಸಲ ಇಷ್ಟು ದೂರ ಹೋಗಿ ಬಂದವರು ದಯವಿಟ್ಟು ಅನುಭವ ತಿಳಿಸಿ.

ಮಣಿಪಾಲದಿಂದ:

ಖಂಡಿತ ಆಗುತ್ತದೆ. ಹನ್ನೊಂದು ವಾರ ಧಾರಾಳವಾಗಿ ಸಾಕು. ಇದೇ ದಾರಿಯಲ್ಲಿ ಮೊದಲ ಸಲ ಹೋದಾಗ ನಾನು ಕುಸಿದಿದ್ದೆ. ಕಾಲಿನಲ್ಲಿ ಬಲವಿತ್ತು, ಹೊಟ್ಟೆ ಖಾಲಿಯಿತ್ತು. ಆದ್ದರಿಂದ ಅದನ್ನೇ ಮೊದಲು ಹೇಳುತ್ತೇನೆ.

ಬೆಳಗಿನ ಐದೂವರೆಗೆ ಹೊರಟಾಗ ತಂಪು ಗಾಳಿ, ಖಾಲಿ ರಸ್ತೆ. ಮುಂದಿದ್ದ ಹುಡುಗರ ಬೆನ್ನು ಹತ್ತಿದೆ. ಬ್ರಹ್ಮಾವರ ಬಂದದ್ದೇ ತಿಳಿಯಲಿಲ್ಲ. ಮಾಬುಕಳದ ಸೇತುವೆಯ ಮೇಲೆ ಸೀತಾನದಿಯತ್ತ ಕಣ್ಣೂ ಹಾಯಿಸಲಿಲ್ಲ. ತಿಂದದ್ದು ಹೊರಡುವಾಗ ಒಂದು ಬಾಳೆಹಣ್ಣು ಮಾತ್ರ. ಕುಂದಾಪುರ ದಾಟಿ ಹೆಮ್ಮಾಡಿ ತಲುಪುವಷ್ಟರಲ್ಲಿ ಕೈ ನಡುಗತೊಡಗಿತು, ಗೇರ್ ಬದಲಿಸಲು ಹೆಬ್ಬೆರಳಿಗೆ ಬಲವಿರಲಿಲ್ಲ. ಒಂದು ಅಂಗಡಿಯ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಅಂಗಡಿಯ ಹೆಂಗಸು ಏನನ್ನೂ ಕೇಳದೆ ಒಂದು ಲೋಟ ನೀರು, ಒಂದು ಅಚ್ಚು ಬೆಲ್ಲ ತಂದು ಪಕ್ಕದಲ್ಲಿಟ್ಟರು. ಕಾಲು ಗಂಟೆಯಲ್ಲಿ ನಡುಕ ನಿಂತಿತು. ಮರವಂತೆಯನ್ನೇನೋ ಮುಟ್ಟಿದೆ, ಆದರೆ ಹಿಂದಿರುಗಿದ್ದು ಸೈಕಲನ್ನು ಟೆಂಪೋದಲ್ಲಿ ಹಾಕಿಕೊಂಡು. ಪೂರ್ತಿ ಮಾಡಿದ್ದು ಮರುವರ್ಷ.

ಮರುವರ್ಷ ಬದಲಿಸಿದ್ದು ಎರಡೇ ಸಂಗತಿ. ಮೊದಲ 30 ಕಿಲೋಮೀಟರ್ ಪಕ್ಕದವರೊಂದಿಗೆ ಏದುಸಿರಿಲ್ಲದೆ ಮಾತನಾಡುವಷ್ಟು ನಿಧಾನವಾಗಿ ಹೋದೆ. ಹಸಿವೆಗೆ ಕಾಯದೆ ಮುಕ್ಕಾಲು ಗಂಟೆಗೊಮ್ಮೆ ಏನಾದರೂ ತಿಂದೆ: ಬಾಳೆಹಣ್ಣು, ಖರ್ಜೂರ, ನೆಲಗಡಲೆ ಚಿಕ್ಕಿ, ಕೋಟದಲ್ಲಿ ಎರಡು ಬನ್ಸ್. ನೀರನ್ನು ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಎರಡು ಮೂರು ಗುಟುಕು. ನಮ್ಮ ಕರಾವಳಿಯ ಸೆಕೆಯಲ್ಲಿ ಬೆವರು ಆರುವುದಿಲ್ಲ, ಸುರಿಯುತ್ತಲೇ ಇರುತ್ತದೆ, ಅದರ ಜೊತೆ ಉಪ್ಪೂ ಹೋಗುತ್ತದೆ. ಬರೀ ನೀರು ಕುಡಿದರೆ ಸಾಲದು. ಎರಡರಲ್ಲಿ ಒಂದು ಬಾಟಲಿಗೆ ಓಆರ್‌ಎಸ್ ಹಾಕಿ, ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ. ಮನೆಯಲ್ಲೇ ಮಾಡುವುದಾದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ರಕ್ತದೊತ್ತಡ, ಸಕ್ಕರೆ ಕಾಯಿಲೆ ಇದ್ದರೆ ಮೊದಲು ವೈದ್ಯರನ್ನು ಕೇಳಿ.

ಅಭ್ಯಾಸಕ್ಕೆ ವಾರದಲ್ಲಿ ಎರಡು ದಿನ ಒಂದೊಂದು ಗಂಟೆ, ಭಾನುವಾರ ದೂರದ ಸವಾರಿ. ಮೊದಲ ಭಾನುವಾರ 25 ಕಿಲೋಮೀಟರ್, ಆಮೇಲೆ ಪ್ರತಿ ವಾರ ಏಳೆಂಟು ಹೆಚ್ಚಿಸುತ್ತಾ ಹೋಗಿ. ನಡುವೆ ಒಂದು ವಾರ ಕಡಿಮೆ ಮಾಡಿ, ದೇಹ ಸುಧಾರಿಸಿಕೊಳ್ಳಲಿ. 80 ಮುಟ್ಟಿದರೆ 110 ಆಗಿಯೇ ಆಗುತ್ತದೆ, ಅಭ್ಯಾಸದಲ್ಲೇ ಪೂರ್ತಿ ದೂರ ಹೋಗಬೇಕಿಲ್ಲ. ಕೊನೆಯ ವಾರ ವಿಶ್ರಾಂತಿ. ಮಲ್ಪೆಯಿಂದ ಪಡುಕೆರೆ, ಮಟ್ಟು ದಾಟಿ ಕಾಪುವಿನ ದೀಪಸ್ತಂಭದವರೆಗಿನ ದಾರಿ ನನಗೆ ಬಹಳ ಪ್ರಿಯ. ಪಡುಕೆರೆಯಲ್ಲಿ ಮರವಂತೆಯಂತೆಯೇ ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ. ಲಾರಿಗಳ ಕಾಟವಿಲ್ಲ. ವಾರಕ್ಕೊಮ್ಮೆ ಇಂದ್ರಾಳಿಯಿಂದ ಮಣಿಪಾಲಕ್ಕೆ ಏರಿ ಬನ್ನಿ. ಆ ಏರನ್ನು ಸಣ್ಣ ಗೇರಿನಲ್ಲಿ, ಎದ್ದು ನಿಲ್ಲದೆ ಹತ್ತಲು ಬಂದರೆ ಹೆದ್ದಾರಿಯ ಮೇಲ್ಸೇತುವೆಗಳು ಲೆಕ್ಕಕ್ಕಿಲ್ಲ.

ಕಾಪುವಿನಿಂದ:

ನಾನು ಶಾಲಾ ಶಿಕ್ಷಕಿ, 50 ದಾಟಿದ ಮೇಲೆ ಮೊದಲ ನೂರು ಕಿಲೋಮೀಟರ್ ಮಾಡಿದವಳು. ಸೀಟಿನ ಎತ್ತರ ಸರಿಯಿಲ್ಲದೆ ಎರಡು ತಿಂಗಳು ಮೊಣಕಾಲು ನೋವು ತಿಂದೆ. ಸೀಟಿನ ಮೇಲೆ ಕುಳಿತು ಹಿಮ್ಮಡಿಯನ್ನು ಪೆಡಲ್ ಮೇಲಿಡಿ. ಪೆಡಲ್ ತೀರಾ ಕೆಳಗಿರುವಾಗ ಕಾಲು ನೆಟ್ಟಗಾಗಬೇಕು. ಆಗ ಪಾದದ ಮುಂಭಾಗದಿಂದ ತುಳಿಯುವಾಗ ಮೊಣಕಾಲು ತುಸುವೇ ಬಾಗಿರುತ್ತದೆ. ಅಷ್ಟು ಸರಿಮಾಡಿಕೊಂಡ ಮೇಲೆ ನನ್ನ ನೋವು ಹೋಯಿತು.

ಹೆಂಗಸರು ಕೇಳಲು ಸಂಕೋಚಪಡುವ ಮಾತೊಂದಿದೆ, ನಾನೇ ಹೇಳುತ್ತೇನೆ. ಸೈಕಲ್ ಸವಾರರ ಮೆತ್ತೆಯ ಚಡ್ಡಿ ತೆಗೆದುಕೊಳ್ಳಿ, ಅದರೊಳಗೆ ಬೇರೆ ಒಳಉಡುಪು ಹಾಕಬೇಡಿ. ಹೊಲಿಗೆಯ ಗೆರೆಯೇ ಚರ್ಮವನ್ನು ಕೆರೆಯುವುದು. ತೊಡೆಯ ಸಂದಿಗೆ ವ್ಯಾಸಲೀನ್ ಹಚ್ಚಿ. ಮೇಲೆ ಸಡಿಲವಾದ ಪ್ಯಾಂಟ್ ಹಾಕಿಕೊಂಡರೆ ಮುಜುಗರವಿಲ್ಲ. ಸವಾರಿಯ ದಿನ ಹೊಸದೇನನ್ನೂ ಹಾಕಬೇಡಿ.

ಟ್ಯೂಬು ಬದಲಿಸುವುದನ್ನು ಮನೆಯಂಗಳದಲ್ಲಿ ಮೂರು ಸಲವಾದರೂ ಮಾಡಿ ನೋಡಿ. ಕಟಪಾಡಿಯ ಹತ್ತಿರ ನನಗೆ ಪಂಕ್ಚರ್ ಆಯಿತು. ಹೊಸ ಟ್ಯೂಬು ಹಾಕಿ ಹೆಮ್ಮೆಯಿಂದ ಹೊರಟೆ, ಇನ್ನೂರು ಮೀಟರ್ ಹೋಗುವುದರೊಳಗೆ ಗಾಳಿ ಪುಸ್ಸೆಂದು ಇಳಿಯಿತು. ಟಯರಿನ ಒಳಮೈಯನ್ನು ಬೆರಳಿನಿಂದ ನಿಧಾನವಾಗಿ ಸವರಿದಾಗ ಕೂದಲಷ್ಟು ತೆಳ್ಳಗಿನ ತಂತಿಯ ಚೂರು ಚುಚ್ಚಿತು. ಮೊದಲೇ ಸವರಬೇಕಿತ್ತು.

ಸುರತ್ಕಲ್‌ನಿಂದ:

ಗಾಳಿಯ ಬಗ್ಗೆ. ಜನವರಿಯಲ್ಲಿ ಹೊತ್ತೇರಿದ ಮೇಲೆ ಕಡಲ ಗಾಳಿ ವಾಯವ್ಯದ ಕಡೆಯಿಂದ ಬೀಸುತ್ತದೆ. ನೀವು ಹಿಂದಿರುಗುವುದು ದಕ್ಷಿಣಕ್ಕೆ, ಹಾಗಾಗಿ ಗಾಳಿ ಬೆನ್ನಿಗಿರುತ್ತದೆ, ಬಿಸಿಲು ಮುಖಕ್ಕೆ. ಕಪ್ಪು ಕನ್ನಡಕ, ಉದ್ದ ತೋಳಿನ ಅಂಗಿ ಬೇಕೇ ಬೇಕು.

ಹೆದ್ದಾರಿ 66ರಲ್ಲಿ ನನಗೆ ಲಾರಿಗಿಂತ ಹೆಚ್ಚು ಭಯ ಎದುರಿನಿಂದ ತಪ್ಪು ಬದಿಯಲ್ಲಿ ಬರುವ ದ್ವಿಚಕ್ರ ವಾಹನಗಳದ್ದು. ಕಿವಿಗೆ ಹಾಡು ಹಾಕಿಕೊಳ್ಳಬೇಡಿ, ಹೆಲ್ಮೆಟ್ ತೆಗೆಯಬೇಡಿ, ಹಿಂದಿನ ಕೆಂಪು ದೀಪ ಹಗಲಲ್ಲೂ ಮಿನುಗುತ್ತಿರಲಿ. ಬಸ್ ನಿಂತಿದ್ದರೆ ಎಡದಿಂದ ನುಸುಳಬೇಡಿ, ಜನ ಇಳಿಯುವುದು ಆ ಬದಿಗೇ.

ಕುಂದಾಪುರದಿಂದ:

ಹಣ ಕೇಳುವಾಗ ನಿಮ್ಮ ಮೊಬೈಲ್ ಸಂಖ್ಯೆಗೆ ಹಾಕಿಸಿಕೊಳ್ಳಬೇಡಿ. ಸಂಸ್ಥೆಯ ಖಾತೆಗೆ ನೇರ ಹೋಗಲಿ, ರಸೀದಿ ಕೊಡಿಸಿ. ತೆರಿಗೆ ವಿನಾಯಿತಿ ಬೇಕೆನ್ನುವವರಿಗೆ 2000 ರೂಪಾಯಿ ಮೀರಿದ ನಗದು ದಾನಕ್ಕೆ ಅದು ಸಿಗದೆಂದು ಮೊದಲೇ ತಿಳಿಸಿ. ನಾನು ಸುಮ್ಮನೆ ‘ಸಹಾಯ ಮಾಡಿ’ ಎಂದಾಗ ಹೆಚ್ಚಿನವರು ನೋಡೋಣ ಎಂದರು. ‘ಕಿಲೋಮೀಟರಿಗೆ ಐದು ರೂಪಾಯಿ ಕೊಡುತ್ತೀರಾ, ನಾನು ತುಳಿಯುತ್ತೇನೆ’ ಎಂದಾಗ ಮೀನು ಮಾರುವ ಅಕ್ಕನೂ ಹೆಸರು ಬರೆಸಿದರು.

ಬ್ರಹ್ಮಾವರದಿಂದ:

ನನ್ನ ಅಣ್ಣನಿಗೆ ನಾಲ್ಕು ವರ್ಷದಿಂದ ಡಯಾಲಿಸಿಸ್ ನಡೆಯುತ್ತಿದೆ. ವಾರಕ್ಕೆ ಮೂರು ದಿನ, ಪ್ರತಿ ಸಲ ನಾಲ್ಕು ಗಂಟೆ. ಹೋಗಿ ಬರುವ ಬಾಡಿಗೆ ರಿಕ್ಷಾದ ಖರ್ಚೇ ಎಷ್ಟೋ ಮನೆಗಳಿಗೆ ಭಾರ.

ಹೋದ ವರ್ಷ ನಾನೂ ಸವಾರಿ ಮಾಡಿದೆ. ತ್ರಾಸಿಯಲ್ಲಿ ಬೊಂಡ ಕುಡಿಯಲು ನಿಂತೆ. ಕೊಚ್ಚಿದ ಬೊಂಡ ಕೈಗೆ ಬಂದಾಗ ಅಣ್ಣ ನೆನಪಾದ. ಬೊಂಡದಲ್ಲಿ ಪೊಟ್ಯಾಸಿಯಂ ಹೆಚ್ಚು, ಅವನಿಗೆ ಅದು ಕೂಡದು. ನೀರನ್ನೂ ದಿನಕ್ಕೆ ಇಷ್ಟೇ ಎಂದು ಅಳೆದು ಕುಡಿಯುತ್ತಾನೆ, ಸೆಕೆಗಾಲದಲ್ಲಿ ಐಸಿನ ತುಂಡು ಬಾಯಲ್ಲಿಟ್ಟು ಬಾಯಾರಿಕೆ ಕಳೆಯುತ್ತಾನೆ. ಆ ಬೊಂಡವನ್ನು ಕೊನೆಯ ಹನಿಯವರೆಗೂ ಕುಡಿದೆ. ಆಮೇಲಿನ ದಾರಿಯಲ್ಲಿ ಕಾಲು ನೋಯಲಿಲ್ಲ ಎಂದರೆ ಸುಳ್ಳಾಗುತ್ತದೆ, ಆದರೆ ನಿಲ್ಲಬೇಕೆಂದು ಒಮ್ಮೆಯೂ ಅನ್ನಿಸಲಿಲ್ಲ.

ನೀವು ಬರುವ ದಿನ ಬ್ರಹ್ಮಾವರ ಬಸ್ ನಿಲ್ದಾಣದ ಎದುರು ಬಾಳೆಗೊನೆ ಇಟ್ಟುಕೊಂಡು ನಿಂತಿರುತ್ತೇನೆ. ಹೋಗುವಾಗ ಎರಡು, ಬರುವಾಗ ಎರಡು ಹಣ್ಣು ತೆಗೆದುಕೊಳ್ಳಿ. ಅಣ್ಣನೂ ಬರುತ್ತಾನೆ. ಭಾನುವಾರ ಅವನಿಗೆ ಡಯಾಲಿಸಿಸ್ ಇಲ್ಲ.