ಇನಾರಿ ಸರೋವರ: ನೀರು ಉತ್ತರಕ್ಕೆ ಹರಿಯುವುದೇಕೆ, ಉಕೊನ್‌ಸಾರಿ ದ್ವೀಪ ಪವಿತ್ರವಾದುದು ಹೇಗೆ?

ಪ್ರಶ್ನೆ:
ಫಿನ್‌ಲ್ಯಾಂಡಿನ ಸರೋವರಗಳಲ್ಲಿ ಬಹುಪಾಲಿನ ನೀರು ಬಾಲ್ಟಿಕ್ ಸಮುದ್ರವನ್ನು ಸೇರುತ್ತದೆ. ದೇಶದ ಉತ್ತರ ಭಾಗವಾದ ಲ್ಯಾಪ್‌ಲ್ಯಾಂಡಿನ ಇನಾರಿ ಇದಕ್ಕೆ ಹೊರತಾಗಿರಲು ಕಾರಣವೇನು? ಅಲ್ಲಿನ ಉಕೊನ್‌ಸಾರಿ ದ್ವೀಪಕ್ಕೂ ಆ ಪ್ರದೇಶದ ಮೂಲನಿವಾಸಿಗಳಾದ ಸಾಮಿ ಜನರ ಬದುಕಿಗೂ ಇರುವ ನಂಟನ್ನು ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ 1:
ಇನಾರಿಯ ದಕ್ಷಿಣಕ್ಕಿರುವ ಎತ್ತರದ ನೆಲವೇ ಜಲವಿಭಾಜಕವಾಗಿರುವುದರಿಂದ, ಇಲ್ಲಿನ ನೀರು ಪಾಟ್ಸ್‌ಯೊಕಿ ನದಿಯಾಗಿ ರಷ್ಯಾ ಮತ್ತು ನಾರ್ವೆಗಳ ಗಡಿಯಲ್ಲಿ ಸಾಗಿ ಬ್ಯಾರೆಂಟ್ಸ್ ಸಮುದ್ರವನ್ನು ಸೇರುತ್ತದೆ. ಸುಮಾರು 1,040 ಚದರ ಕಿ.ಮೀ. ವಿಸ್ತಾರದ ಇದು ದೇಶದ ಮೂರನೆಯ ಅತಿ ದೊಡ್ಡ ಸರೋವರ. ಇದರಲ್ಲಿ 3,000ಕ್ಕೂ ಹೆಚ್ಚು ದ್ವೀಪಗಳಿವೆ. ನವೆಂಬರಿನ ಹೊತ್ತಿಗೆ ಹೆಪ್ಪುಗಟ್ಟುವ ನೀರು ಕರಗಲು ಕೆಲವು ವರ್ಷ ಜೂನ್ ತಿಂಗಳೇ ಬರಬೇಕಾಗುತ್ತದೆ.

ಉತ್ತರ 2:
ಎರಡನೆಯ ಪ್ರಶ್ನೆಗೆ ಉತ್ತರಿಸುವಾಗ ಮೀನುಗಾರಿಕೆಯಿಂದಲೇ ಆರಂಭಿಸಬೇಕು. ಸಾಮಿಗಳೆಂದರೆ ಹಿಮಸಾರಂಗ ಸಾಕುವವರು ಎಂಬ ಚಿತ್ರವೇ ನಮ್ಮಲ್ಲಿ ಬೇರೂರಿದೆ. ಆದರೆ ಇನಾರಿ ಸಾಮಿಗಳು ಮುಖ್ಯವಾಗಿ ಮೀನುಗಾರರು, ಋತುವಿಗೆ ತಕ್ಕಂತೆ ಒಂದು ದಡದಿಂದ ಇನ್ನೊಂದು ದಡಕ್ಕೆ ಬಿಡಾರ ಬದಲಿಸುತ್ತಿದ್ದವರು. ನೀರಿನಿಂದ ಕಡಿದಾಗಿ ಎದ್ದು ನಿಂತಿರುವ ಉಕೊನ್‌ಸಾರಿಯ ಬಂಡೆಯಲ್ಲಿ ಅವರು ಬೇಟೆ, ಮೀನುಗಳ ಸಮೃದ್ಧಿಗಾಗಿ ಬಲಿ ಅರ್ಪಿಸುತ್ತಿದ್ದರು. ಮುಂದೆ ಗ್ರೀಸಿನ ಕ್ರೀಟ್ ದ್ವೀಪದ ಉತ್ಖನನದಿಂದ ಹೆಸರಾದ ಬ್ರಿಟಿಷ್ ಪುರಾತತ್ವಜ್ಞ ಆರ್ಥರ್ ಎವಾನ್ಸ್ 1873ರಲ್ಲಿ ಇಲ್ಲಿಗೆ ಬಂದಾಗ ಅವರಿಗೆ ಬೆಳ್ಳಿಯ ಆಭರಣವೊಂದು ದೊರೆಯಿತು. ಸತ್ತವರನ್ನು ದ್ವೀಪಗಳಲ್ಲಿ ಹೂಳುವ ರೂಢಿಯೂ ಇತ್ತು. ಕಾಡುಪ್ರಾಣಿಗಳು ಸಮಾಧಿಯನ್ನು ಕೆದಕದಿರಲೆಂಬುದೇ ಅದಕ್ಕೆ ಕಾರಣವೆಂದು ಹೇಳುತ್ತಾರೆ. ಕ್ರೈಸ್ತಧರ್ಮ ನೆಲೆಗೊಂಡ ಮೇಲೆ 1760ರಲ್ಲಿ ಪೂರ್ಣಗೊಂಡ, ಇನಾರಿಯ ಹತ್ತಿರದ ಪೀಲ್ಪಯಾರ್ವಿಯ ಮರದ ಚರ್ಚು ಇಂದಿಗೂ ಕಾಡಿನ ನಡುವೆ ನಿಂತಿದೆ. ಇನಾರಿ ಸಾಮಿ ಭಾಷೆಯನ್ನಾಡುವವರು ಈಗ ಕೆಲವೇ ನೂರು ಮಂದಿ. 1997ರಲ್ಲಿ ಆರಂಭವಾದ ಶಿಶುಕೇಂದ್ರದಲ್ಲಿ ಮಕ್ಕಳೊಂದಿಗೆ ಆ ಭಾಷೆಯಲ್ಲಿಯೇ ಮಾತನಾಡುತ್ತಾ ಬಂದುದರಿಂದ ಅದು ಹೊಸ ಪೀಳಿಗೆಗೆ ದಾಟಿದೆ. ನನ್ನ ಮಟ್ಟಿಗೆ ಬಲಿಯ ಬಂಡೆಗಿಂತಲೂ ದೊಡ್ಡ ಸಂಗತಿ ಇದು.

ಉತ್ತರ 3:
ಮೇಲಿನ ವಿವರಣೆ ಸರಿಯಾಗಿದೆ, ಆದರೆ ಅದನ್ನಷ್ಟೇ ಓದಿದವರು ಇನಾರಿಯನ್ನು ಮನುಷ್ಯರ ಕೈ ಸೋಕದ ಸರೋವರವೆಂದು ಭಾವಿಸುವ ಅಪಾಯವಿದೆ. ಪಾಟ್ಸ್‌ಯೊಕಿಯ ಜಲವಿದ್ಯುತ್ ಸ್ಥಾವರಗಳಿಗಾಗಿ ಇದರ ಮಟ್ಟವನ್ನು ನಿಯಂತ್ರಿಸಲಾಗುತ್ತಿದೆ. ಫಿನ್‌ಲ್ಯಾಂಡ್, ನಾರ್ವೆ ಮತ್ತು ಸೋವಿಯತ್ ಒಕ್ಕೂಟ 1959ರಲ್ಲಿ ಮಾಡಿಕೊಂಡ ಒಪ್ಪಂದದ ಪ್ರಕಾರ ಮಟ್ಟವು 2.36 ಮೀಟರುಗಳ ಮಿತಿಯೊಳಗೆ ಏರಿಳಿಯಬಹುದು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಈ ಏರಿಳಿತದಿಂದ ಮೀನುಗಳಿಗೆ ತೊಂದರೆಯಾಗುವುದಿಲ್ಲವೇ?

ಉತ್ತರ 3:
ಆಗುತ್ತದೆ. ಶರತ್ಕಾಲದಲ್ಲಿ ಆಳವಿಲ್ಲದ ದಡದಂಚಿನಲ್ಲಿ ಮೊಟ್ಟೆಯಿಡುವ ಮೀನುಗಳ ಪಾಡು ಕಷ್ಟ, ಏಕೆಂದರೆ ಚಳಿಗಾಲದಲ್ಲಿ ನೀರು ಇಳಿದಾಗ ಮಂಜುಗಡ್ಡೆ ತಳಕ್ಕೇ ಕೂತು ಮೊಟ್ಟೆಗಳು ನಾಶವಾಗಬಹುದು. ಈ ನಷ್ಟ ತುಂಬಿಕೊಡಲು ಸಾಕಿದ ಮೀನುಮರಿಗಳನ್ನು ಸರೋವರಕ್ಕೆ ಬಿಡುವ ಹೊಣೆಯನ್ನು ಫಿನ್‌ಲ್ಯಾಂಡ್ ಸರ್ಕಾರವೇ ಹೊತ್ತುಕೊಂಡಿದೆ.